ಕೋರ್ಟಿಗೆ ಹೋಗಿಬಂದ ಚಕ್ಕುಲಿ ಒರಳು

ಮೊನ್ನೆ ಲಾಫ್ಟಿನಿಂದ ರಜಾಯಿಗಳನ್ನು ಇಳಿಸುವಾಗ ಹಿಂದೆ ಸರಿದುಹೋಗಿದ್ದ ಬಟ್ಟೆಚೀಲವೊಂದು ಕೈಗೆ ಸಿಕ್ಕಿತು. ಒಳಗೇನಿದೆ ಎಂದು ತೂಕದಲ್ಲೇ ತಿಳಿಯಿತು. ಹಿತ್ತಾಳೆಯ ಚಕ್ಕುಲಿ ಒರಳು, ಮೇಲೆ ಹಿಡಿ ತಿರುಗಿಸಿ ಒತ್ತುವಂಥದ್ದು. ಮೂಗಿನ ಹತ್ತಿರ ತಂದರೆ ಇನ್ನೂ ಎಳ್ಳಿನ ವಾಸನೆ, ಹಳೆಯ ಎಣ್ಣೆಯ ವಾಸನೆ... ತಿರುಪಿನ ಸಂದಿಯಲ್ಲಿ ಹಿಟ್ಟಿನ ಒಂದು ಚೂರು ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆಯಲು ಹೋದವಳು ಬಿಟ್ಟುಬಿಟ್ಟೆ.

ಅದು ನನ್ನ ಒರಳಲ್ಲ. ಎದುರು ಮನೆಯ ಅಕ್ಕನದು.

ರಾಜಧಾನಿಯ ದ್ವಾರಕಾ ಬಡಾವಣೆಯ ಈ ಸೊಸೈಟಿಗೆ ನಾವು ಬಂದಾಗ ಮೊದಲು ಬಾಗಿಲು ತಟ್ಟಿ ಕನ್ನಡದಲ್ಲಿ ಮಾತಾಡಿಸಿದವರು ಅವರೇ. ಉಡುಪಿ ಕಡೆಯವರು. ಗಂಡ ಇಲ್ಲಿಯ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಆಮೇಲೆ ಅಕ್ಕ ಎದುರಿನ ಚಿಕ್ಕ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದುಕೊಂಡು, ಚಕ್ಕುಲಿ ಮಾಡಿ ಮನೆಗಳಿಗೂ ಅಂಗಡಿಗಳಿಗೂ ಕೊಟ್ಟು ಬದುಕುತ್ತಿದ್ದರು. ಅವರ ಚಕ್ಕುಲಿಗೆ ಯಾವಾಗಲೂ ನಾಲ್ಕೇ ಸುತ್ತು. ಐದನೆಯ ಸುತ್ತು ದುರಾಸೆಯವರದು ಎನ್ನುತ್ತಿದ್ದರು.

ಒಂದು ಸಂಜೆ ಮೆಟ್ರೊ ಸ್ಟೇಷನ್ನಿನ ಹೊರಗೆ ರಾಂಗ್ ಸೈಡಿನಲ್ಲಿ ಬಂದ ಕಾರೊಂದು ಅವರನ್ನು ಕೆಡವಿತು. ಡಬ್ಬ ಹಿಡಿದಿದ್ದ ಬಲಗೈ ಮೇಲೆಯೇ ಬಿದ್ದರು. ಮುಂಗೈಯ ಎರಡೂ ಮೂಳೆ ಮುರಿದವು, ಮಣಿಕಟ್ಟಿನ ಕೀಲು ಜಜ್ಜಿಹೋಯಿತು. ಒಳಗೆ ಪ್ಲೇಟು, ಸ್ಕ್ರೂ ಹಾಕಿದರು. ಪ್ಲಾಸ್ಟರ್ ತೆಗೆದ ಮೇಲೆ ಲೋಟ ಹಿಡಿಯಲು ಬರುತ್ತಿತ್ತು, ಸೆರಗು ಸರಿಮಾಡಿಕೊಳ್ಳಲು ಬರುತ್ತಿತ್ತು. ಆದರೆ ಕೈ ತಿರುಗುತ್ತಿರಲಿಲ್ಲ. ಮನೆಯ ಬೀಗ ತೆಗೆಯಲು ನನ್ನನ್ನು ಕರೆಯುತ್ತಿದ್ದರು. ಕೀಲಿಕೈಯನ್ನು ನನ್ನ ಕೈಗಿಟ್ಟು, ಇದು ತಮಗೆ ಸಂಬಂಧವೇ ಇಲ್ಲವೆಂಬಂತೆ ಲಿಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು.

ಕಾರಿಗೆ ವಿಮೆ ಇತ್ತು. ವಿಮಾ ಕಂಪನಿಯಿಂದ ಪರಿಹಾರ ಕೇಳಿ ಕೇಸು ಹಾಕಿದೆವು. ‘ಹಾಕಿದೆವು’ ಎನ್ನುವುದೇಕೆಂದರೆ, ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನ ಫಾರಂ ತುಂಬಬಲ್ಲವಳು ಎಂಬ ಒಂದೇ ಅರ್ಹತೆಯ ಮೇಲೆ ನಾನೂ ಅದರೊಳಗೆ ಸಿಕ್ಕಿಕೊಂಡೆ. ಎಕ್ಸ್‌ರೇ ತನ್ನಿ ಎಂದರು. ತಂದರೆ, ಇದಲ್ಲ, ಆಪರೇಷನ್ನಿನ ಮುಂಚಿನದು ಎಂದರು. ಅದನ್ನು ತಂದ ದಿನ ಗುಮಾಸ್ತರು ರಜೆ. ಅವರ ಮೇಜಿನ ಸೀಲನ್ನು ಯಾರೂ ಒಯ್ಯದಂತೆ ಬೂಟಿನ ಲೇಸಿನಿಂದ ಕಟ್ಟಿದ್ದರು. ಸೀಲು ಅಲ್ಲೇ ಇತ್ತು, ಒತ್ತುವವರೇ ಇರಲಿಲ್ಲ. ಕೊನೆಗೆ ಎಲ್ಲವೂ ಒಂದು ಮಾತಿಗೆ ಬಂದು ನಿಂತಿತು: ಆ ಕೈಯಿಂದ ಇನ್ನು ದುಡಿಯಲಾಗದು ಎಂದು ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆದುಕೊಡಬೇಕು. ಆಗ ಮಾತ್ರ ಮುಂದಿನ ದಿನಗಳಿಗೆ ಒಂದು ದಾರಿ.

ಪರೀಕ್ಷೆಯ ಹಿಂದಿನ ದಿನ ಅಕ್ಕ ಒರಳು ತೆಗೆದು ನನ್ನ ಮುಂದಿಟ್ಟರು.

“ಡಾಕ್ಟ್ರ ಹತ್ರ ಖಾಲಿ ಕೈಯಲ್ಲಿ ಹೋಗುದು ಹೇಗೆ ಮಾರಾಯ್ತಿ? ಒಂದು ಡಬ್ಬ ಚಕ್ಕುಲಿ ತಕ್ಕೊಂಡು ಹೋಗುವ.”

“ಅಕ್ಕಾ, ಲಂಚ ಅಂದ್ಕೋತಾರೆ!”

“ಲಂಚ ಕೊಡುವವ್ರು ಚಕ್ಕುಲಿ ಕೊಡ್ತಾರಾ? ಒತ್ತು, ಒತ್ತು.”

ಸ್ಟೂಲಿನ ಮೇಲೆ ಕೂತು ಅವರು ಅಳತೆ ಹೇಳಿದರು. ಕಲಸಿದವಳು ನಾನು, ಒತ್ತಿದವಳು ನಾನು, ಅಂಗೈಯಲ್ಲಿ ಬೊಬ್ಬೆ ಎದ್ದವಳೂ ನಾನು. ನನ್ನ ಚಕ್ಕುಲಿ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಂದರೆ, “ನಿಮ್ಮ ಕಾನ್ವೆಂಟಲ್ಲಿ ಬರೀ ಗೆರೆ ಎಳೀಲಿಕ್ಕೆ ಕಲಿಸಿದ್ದಾ? ಸುತ್ತು ಹಾಕ್ಲಿಕ್ಕೆ ಇಲ್ವಾ?” ಎಂದು ನಗುತ್ತಿದ್ದರು.

ಮರುದಿನ ಆಸ್ಪತ್ರೆಯಲ್ಲಿ ನನ್ನ ಮಗನ ವಯಸ್ಸಿನ ಡಾಕ್ಟರು, “ಅಮ್ಮಾಜಿ, ಹಾಥ್ ಘುಮಾಯಿಯೇ,” ಎಂದರು. ಅಕ್ಕ ಕೈ ತಿರುಗಿಸಲು ನೋಡಿದರು. ಮಣಿಕಟ್ಟಿನ ಬದಲು ಭುಜವೇ ತಿರುಗಿತು. ಮೂಗಿನ ಕೆಳಗೆ ಬೆವರು ಕಾಣಿಸಿತು. ನೋವಿದೆಯೇ ಎಂದು ಕೇಳಿದರೆ, “ಥೋಡಾ ಥೋಡಾ. ಠೀಕ್ ಹೈ ಬೇಟಾ,” ಎಂದು ನಕ್ಕರು. ಠೀಕ್ ಹೈ! ಪರವಾಗಿಲ್ಲವಂತೆ! ನಾನು ಚಪ್ಪಲಿಯ ತುದಿಯಿಂದ ಅವರ ಪಾದ ಮುಟ್ಟಿದೆ. ಅವರು ಪಾದ ಹಿಂದಕ್ಕೆ ಎಳೆದುಕೊಂಡು ಡಬ್ಬ ಮುಂದಿಟ್ಟರು.

ಡಾಕ್ಟರು ಒಂದು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದರು. “ಅರೇ ವಾಹ್! ಆಪ್‌ನೇ ಬನಾಯಾ?”

“ಹಾಂ ಬೇಟಾ. ಮೈನೇ.” ಹೌದು, ನಾನೇ ಮಾಡಿದ್ದು.

ಅವರು ಚಕ್ಕುಲಿ ನೋಡಿದರು, ಅಕ್ಕನ ಕೈ ನೋಡಿದರು, ಪೆನ್ನು ತೆಗೆದುಕೊಂಡರು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ನಮ್ಮ ಸಿಸ್ಟರುಗಳು ಕಲಿಸಿದ್ದು ಅಷ್ಟು ದುಬಾರಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಹೆಸರು ಕೂಗಿದ್ದರು.

ಕಾರಿಡಾರಿಗೆ ಬಂದ ಕೂಡಲೇ ರೇಗಿದೆ. “ಕೈಲಾಗಲ್ಲ ಅಂತ ಹೇಳೋಕೆ ತಾನೇ ಅಕ್ಕಾ ನಾವು ಬಂದಿದ್ದು? ಒತ್ತಿದ್ದು ನಾನು!”

“ಹಿಟ್ಟು ಯಾರ್ದು?” ಎಂದರು. ಸ್ವಲ್ಪ ದೂರ ನಡೆದು, “ಆ ಮಗು ಚಂದ ಉಂಟು ಅಂತ ತಿಂತಾ ಇತ್ತು. ನಂದಲ್ಲ ಅನ್ನುದಾ?” ಎಂದರು.

ವರದಿ ಬಂತು. ಮನೆಗೆಲಸ, ಅಡುಗೆ ಎಲ್ಲವನ್ನೂ ತಾವೇ ಮಾಡಿಕೊಳ್ಳಬಲ್ಲರು ಎಂದು ಒಂದು ಸಾಲು. ಅದೊಂದೇ ಸಾಲನ್ನು ಹಿಡಿದು ವಿಮಾ ಕಂಪನಿಯ ವಕೀಲರು, ಇವರ ಸಂಪಾದನೆಗೆ ಯಾವ ಧಕ್ಕೆಯೂ ಆಗಿಲ್ಲ ಎಂದರು. ನಮ್ಮ ವಕೀಲರು ಹಣೆ ಹಿಡಿದುಕೊಂಡು, “ಮೇಡಂಜಿ, ಕೇಸ್ ಲಡ್‌ನೇ ಗಯೇ ಥೇ ಯಾ ದೀವಾಲಿ ಮನಾನೇ?” ಎಂದು, ಕೇಸು ನಡೆಸಲು ಹೋಗಿದ್ದಿರೋ ದೀಪಾವಳಿ ಆಚರಿಸಲೋ ಎಂದು, ನನ್ನನ್ನೇ ಕೇಳಿದರು. ಆ ಮುರಿದ ಕೈಯ ಮೇಲೆ ಬಂದ ಸಿಟ್ಟು ಆ ಕಾರಿನವನ ಮೇಲೂ ಬಂದಿರಲಿಲ್ಲ ನನಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ...

ದಾರಿ ತೋರಿಸಿದವರೂ ವಕೀಲರೇ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಆ ಯಂತ್ರವನ್ನೇ ತನ್ನಿ, ಜಡ್ಜ್ ಸಾಹೇಬರು ಕಣ್ಣಾರೆ ನೋಡಲಿ ಎಂದರು. ಅಕ್ಕನಿಗೆ ತಿಳಿಸಿದರೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಚಕ್ಕುಲಿ ಒತ್ತಿದ ದಿನ ತೊಳೆಯಲೆಂದು ತಂದ ಒರಳು ನನ್ನ ಮನೆಯಲ್ಲೇ ಇತ್ತು. ವಿಚಾರಣೆಯ ಬೆಳಿಗ್ಗೆ ಅವರದೇ ಅಳತೆಯಲ್ಲಿ ಹಿಟ್ಟು ಕಲಸಿ, ಒರಳಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ಚೀಲದೊಳಗಿಟ್ಟೆ. ಹೇಳಲಿಲ್ಲ. ಕೋರ್ಟಿನ ಗೇಟಿನಲ್ಲಿ ಹಿಂದೆ ಉಳಿದು, ಚೀಲವನ್ನು ನಾನೊಬ್ಬಳೇ ತಪಾಸಣೆಯವಳಿಗೆ ತೋರಿಸಿದೆ.

ಒಳಗೆ ನಾನು ಚೀಲ ಬಿಚ್ಚಿದಾಗ ಅಕ್ಕ ಒರಳು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಒಂದೇ ಸಲ.

ಜಡ್ಜರು ಮೆದುವಾಗಿಯೇ ಹೇಳಿದರು, ಆದಷ್ಟು ಮಾಡಿ ತೋರಿಸಿ ಎಂದು. ಅಕ್ಕ ಎಡಗೈಯಲ್ಲಿ ಒರಳು ಹಿಡಿದು ಬಲಗೈಯಲ್ಲಿ ಹಿಡಿ ತಿರುಗಿಸಿದರು. ಅರ್ಧ ಸುತ್ತು ಹೋಯಿತು. ನಿಂತಿತು. ಉಸಿರು ಕಟ್ಟಿ ಇನ್ನೊಮ್ಮೆ. ನನ್ನ ಹೆಬ್ಬೆರಳಿನ ಅರ್ಧದಷ್ಟು ಹಿಟ್ಟು ಕೆಳಗಿಳಿದು, ಸುತ್ತಿಕೊಳ್ಳದೆ, ನೇರವಾಗಿ ನೇತಾಡಿತು. ಟೈಪಿಸ್ಟ್ ಕೂಡ ಟೈಪು ಮಾಡುವುದನ್ನು ನಿಲ್ಲಿಸಿದ್ದ. ವಿಮೆಯ ವಕೀಲರು ಫೈಲಿನೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದ್ದರು. ಮೂರನೆಯ ಸಲ ಹಿಡಿಗೆ ಕೈ ಹಾಕಿದಾಗ, “ಬಸ್, ಮಾತಾಜಿ, ಬಸ್,” ಎಂದರು ಜಡ್ಜರು.

ಅಕ್ಕ ಒರಳನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದರು. “ಆಟಾ ಸಖ್ತ್ ಹೈ, ಸಾಬ್,” ಎಂದರು, ಹಿಟ್ಟು ಗಟ್ಟಿಯಾಗಿದೆ ಎಂದು. ನನ್ನ ಕಡೆ ಬೆರಳು ತೋರಿಸಿ, “ಇಸ್‌ನೇ ಗೂಂಧಾ.” ಇವಳು ಕಲಸಿದ್ದು.

ಪರಿಹಾರ ಸಿಕ್ಕಿತು. ವಕೀಲರು ಕೈ ಕುಲುಕಲು ಬಂದರು, ಅಕ್ಕ ನಮಸ್ಕಾರ ಮಾಡಿದರು. ಮನೆಗೆ ಬಂದ ಮೇಲೆ ನಾನು ಒರಳು ಮರಳಿಸಲು ಹೋದೆ. “ನಿನ್ನ ಹತ್ರವೇ ಇರ್ಲಿ. ನಂಗೆಂತಕ್ಕೆ?” ಎಂದರು, ಸಿಟ್ಟಿಲ್ಲದ ದನಿಯಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ನಾನು ಅಡುಗೆಮನೆಗೆ ಬಂದು ಹಿಡಿ ತಿರುಗಿಸಿದೆ. ಹಿಟ್ಟು ಬೆಣ್ಣೆಯ ಹಾಗೆ ಇಳಿದು ಬಂತು. ಆ ವಿಷಯವನ್ನೂ ಅವರಿಗೆ ಹೇಳಲಿಲ್ಲ.

ಕೈಲಾಗದು ಎಂದು ಹತ್ತು ಜನರೆದುರು ತೋರಿಸಿಕೊಟ್ಟರೆ ಮಾತ್ರ ಕೈಗೊಂದು ಬೆಲೆ. ಇದೆಂಥ ವ್ಯವಸ್ಥೆಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಅಂದು ಆ ಹತ್ತು ಜನರನ್ನು ಒಟ್ಟುಹಾಕಿದವರಲ್ಲಿ ನಾನೂ ಒಬ್ಬಳು. ಅದಾದ ಮೇಲೆ ಅಕ್ಕ ಬೀಗ ತೆಗೆಯಲು ನನ್ನನ್ನು ಕರೆಯಲಿಲ್ಲ. ಗಾರ್ಡ್ ಭಯ್ಯಾನನ್ನು ಕರೆಯುತ್ತಿದ್ದರು. ಸಿಕ್ಕಾಗ ಊಟವಾಯಿತಾ ಎಂದು ಕೇಳುತ್ತಿದ್ದರು, ಅಷ್ಟೇ. ಮರುವರ್ಷ ತಂಗಿಯ ಮನೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಅಲ್ಲೇ ತೀರಿಹೋದರು ಎಂಬ ಸುದ್ದಿ ಬಂದಾಗ ಎದುರು ಫ್ಲ್ಯಾಟಿಗೆ ಬೇರೆಯವರು ಬಂದು, ಬಾಗಿಲಿಗೆ ಹೊಸ ಬಣ್ಣ ಬಳಿಸಿ ಆಗಿತ್ತು.

ಇವತ್ತು ಒರಳು ತೊಳೆದು, ಅಕ್ಕನ ಅಳತೆಯಲ್ಲಿ ಹಿಟ್ಟು ಕಲಸಿ ಕೂತಿದ್ದೇನೆ. ಮಗಳು ಒಮ್ಮೆ ಇಣುಕಿ, “ಮಮ್ಮಾ, ಕಿತ್ನೀ ದೇರ್?” ಎಂದು, ಇನ್ನೆಷ್ಟು ಹೊತ್ತು ಎಂದು, ಕೇಳಿ ಹೋದಳು. ಎರಡು ಸುತ್ತು ಹಾಕುವಷ್ಟರಲ್ಲಿ ನನ್ನ ಮಣಿಕಟ್ಟು ನೋಯತೊಡಗಿದೆ. ಎಳೆ ನಡುನಡುವೆ ತುಂಡಾಗುತ್ತಿದೆ.

ಇವತ್ತು ಹಿಟ್ಟು ನಿಜವಾಗಿಯೂ ಗಟ್ಟಿಯಾಗಿದೆ. ಹೇಳಲು ಅವರಿಲ್ಲ.