ಮುಕ್ತಿವಾಹನದ ಹಿಂದೆ ಬಬಲೇಶ್ವರಕ್ಕೆ

ಹೆಣದ ಗಾಡಿಗೆ ಆರತಿ ಮಾಡಲು ಮನೆಯ ಯಾವ ಹೆಂಗಸೂ ಒಪ್ಪಲಿಲ್ಲ. ಹೀಗಾಗಿ ನಾನು ಹೊರಟೆ.

ನಮ್ಮ ಯಜಮಾನರು ಇಬ್ಬರು ಪಾಲುದಾರರ ಜೊತೆ ವಿಜಯಪುರದಲ್ಲಿ ಲೇಔಟ್ ಮಾಡಿ ಸೈಟು ಮಾರುವ ಕಂಪನಿ ನಡೆಸುತ್ತಾರೆ. ಬಬಲೇಶ್ವರದ ಅಂಚಿನಲ್ಲಿ ಮಾಡಿದ ಲೇಔಟಿನ ಸೈಟುಗಳು ಮುಕ್ಕಾಲುಪಾಲು ಮಾರಿ ಹೋಗಿದ್ದವು. ಆ ಊರಿಗೆ ನಮ್ಮ ಕಡೆಯಿಂದ ಏನಾದರೂ ಆಗಬೇಕು ಎಂಬ ಮಾತು ಆಫೀಸಿನಲ್ಲಿ ಬಂತು. ಊರ ಹಿರಿಯರನ್ನು ಕೇಳಿದರೆ, "ಸತ್ತವರನ್ನ ಹೊತ್ಕೊಂಡು ಹೋಗೂದು ಈಗ ಭಾಳ ದೂರ ಆಗೇತ್ರಿ, ಹೆಗಲು ಸೋಲ್ತಾವ" ಅಂದರಂತೆ. ಅದಕ್ಕೇ ಮುಕ್ತಿವಾಹನ. ದೂರ ಯಾಕಾಯಿತು ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಗಾಡಿ ಊರಿಗೆ ಒಪ್ಪಿಸುವಾಗ ಆರತಿ ಆಗಬೇಕಲ್ಲ? ನಮ್ಮ ನೆಗೆಣ್ಣಿ ತಲೆನೋವು ಅಂದಳು. ಅತ್ತೆಯವರು ನನ್ನನ್ನೇ ದಿಟ್ಟಿಸಿದರು. "ಮುತ್ತೈದಿ ಆಗಿ ಹೆಣದ ಗಾಡಿ ಮುಂದ ಆರತಿ ಹಿಡಕೊಂಡು ನಿಂದರ್ತಿ? ಆ ಸಾಲ್ಯಾಗ ಸಿಸ್ಟರ್‌ಗೋಳು ನಿನಗ ಏನೇನು ಕಲಿಸ್ಯಾರೋ ಯವ್ವಾ!" ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಮುದಿ ಸಿಸ್ಟರ್ ತೀರಿಕೊಂಡಾಗ ನಮ್ಮನ್ನೆಲ್ಲ ಸಾಲಾಗಿ ಕರೆದೊಯ್ದು ಒಂದೊಂದು ಹೂ ಇಡಿಸಿದ್ದರು. ಅವರ ಕಾಲುಚೀಲದ ಹೆಬ್ಬೆರಳಿನ ಹತ್ತಿರ ನೀಟಾಗಿ ತೇಪೆ ಹಾಕಿತ್ತು. ಅದನ್ನು ನೋಡಿದ ಮೇಲೆ ಸತ್ತವರ ಭಯ ಹೋಯಿತು ಅಂತ ಅತ್ತೆಯವರಿಗೆ ಹೇಗೆ ಹೇಳುವುದು?

ಗೋಳಗುಮ್ಮಟದ ಹಿಂದಿನ ನಮ್ಮ ಓಣಿಯಿಂದ ಬೆಳಿಗ್ಗೆ ಹೊರಟೆವು. ಮುಂದೆ ಬಿಳಿಯ ಮುಕ್ತಿವಾಹನ, ಅದರ ಮೂತಿಗೆ ಚೆಂಡುಹೂವಿನ ಮಾಲೆ, ಓಡಿಸುವವನು ಸಿದ್ದಪ್ಪ. ಹಿಂದೆ ನಮ್ಮ ಕಾರು. ನೇರವಾಗಿ ಬಬಲೇಶ್ವರಕ್ಕೆ ಹೋಗಬಹುದಿತ್ತು, ಆದರೆ ಗಾಡಿಯೊಳಗೆ ಕುರ್ಚಿ ಕೂರಿಸುವ ಕೆಲಸ ತಿಕೋಟಾದ ವೆಲ್ಡಿಂಗ್ ಅಂಗಡಿಯಲ್ಲಿ ಬಾಕಿ ಇತ್ತು. ತಯಾರಾಗಿ ಬರುವ ಗಾಡಿಗಳಲ್ಲಿ ಮಲಗಿಸುವ ಹಲಗೆ ಇರುತ್ತದೆ. ನಮ್ಮ ಕಡೆ ಲಿಂಗಾಯತರು ಸತ್ತವರನ್ನು ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ.

ಮೋಡ ಕವಿದಿತ್ತು. ಅಥಣಿ ರಸ್ತೆಯಲ್ಲಿ ಎದುರು ಬಂದ ಬೈಕಿನವರು ಗಾಡಿ ಕಂಡು ಹಣೆ ಮುಟ್ಟಿಕೊಳ್ಳುತ್ತಿದ್ದರು. ಒಳಗೆ ಯಾರೂ ಇಲ್ಲ ಅಂತ ಅವರಿಗೇನು ಗೊತ್ತು. ಎರಡೂ ಬದಿಗೆ ಲೇಔಟುಗಳ ಕಮಾನು, ಬಣ್ಣದ ಬಾವುಟ, ಸಾಲು ಸಾಲು ಸೈಟಿನ ಕಲ್ಲು. ಹೆಸರುಗಳೆಲ್ಲ ಹೂವಿನವು, ದೇವರವು. ಅರಕೇರಿ ಕಡೆ ಹೊರಳುವ ದಾರಿಯ ಹತ್ತಿರ ಚಹಾಕ್ಕೆ ನಿಂತೆವು. ಅಂಗಡಿಯವನು ಕೈಮುಗಿದು ಓಡಿಬಂದ. "ಸಾಹೇಬ್ರ, ಗಾಡಿ ಚೂರು ಮುಂದ ಹಚ್ಚಸ್ರಿ. ಇಲ್ಲಿ ನಿಂತ್ರ ಗಿರಾಕಿ ಇಳಿಯೂದಿಲ್ಲ." ಯಜಮಾನರು ನಕ್ಕು, "ಖರೆ ಅದ" ಅಂದು ಸಿದ್ದಪ್ಪನಿಗೆ ಕೈಸನ್ನೆ ಮಾಡಿದರು.

ತಿಕೋಟಾ ನಮ್ಮ ಊರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಒಣದ್ರಾಕ್ಷಿ ಶೆಡ್ಡುಗಳಿಗೆ ಕಬ್ಬಿಣದ ಚೌಕಟ್ಟು ಮಾಡುವ ಅಂಗಡಿಯಲ್ಲಿ ಕುರ್ಚಿ ತಯಾರಿತ್ತು; ಅದನ್ನು ಗಾಡಿಯೊಳಗೆ ಬಿಗಿದರು. ಎತ್ತರ ಸರಿಯಿದೆಯೋ ಇಲ್ಲವೋ ನೋಡಲು ಯಾರಾದರೂ ಕೂರಬೇಕಿತ್ತು.

"ಲೇ ಸಿದ್ದಪ್ಪಾ, ಕುಂಡ್ರು. ತಲಿ ಬಡೀತದೇನು ನೋಡೂಣು," ಅಂದರು ಯಜಮಾನರು.

"ಯಪ್ಪಾ, ನಂದು ಮೊನ್ನೆ ಲಗ್ನ ಆಗೇತ್ರಿ. ನೀವ ಕುಂಡ್ರಿ."

"ನಾ ಕುಂತ್ರ ಕಂಪನಿ ಯಾರು ನಡಸ್ತಾರೋ?"

ವೆಲ್ಡಿಂಗ್ ಮಾಡುವವನು ಕನ್ನಡಕ ಹಣೆಗೇರಿಸಿ, "ಇಬ್ಬರೂ ಕುಂಡ್ರದಿದ್ರ ಪಂಚಾಯ್ತಿಯಿಂದ ಒಬ್ಬ ಮೆಂಬರನ್ನ ಕರಸೂಣೇನ್ರಿ? ಅವರಿಗೆ ಕುರ್ಚಿ ಅಂದ್ರ ಪ್ರೀತಿ" ಅಂದ. ಎಲ್ಲರೂ ನಗುತ್ತಿರುವಾಗ ನಾನೇ ಹತ್ತಿ ಕೂತೆ. ತಗಡು ತಣ್ಣಗಿತ್ತು. ತಲೆಯ ಮೇಲೆ ಒಂದು ಗೇಣು ಜಾಗ ಉಳಿದಿತ್ತು. ಗಾಜಿನಿಂದ ನೋಡಿದರೆ ಅಂಗಡಿಯವರೆಲ್ಲ ನಗು ನಿಲ್ಲಿಸಿ ನೆಲ ನೋಡುತ್ತಿದ್ದರು. "ಇಳೀರಿ ಅವ್ವಾರ, ಸಾಕು," ಅಂದ ವೆಲ್ಡಿಂಗ್ ಮಾಡುವವನು ಮೆಲ್ಲಗೆ.

ಆಗಲೇ ಫೋನ್ ಬಂತು. ಬಬಲೇಶ್ವರದ ಹಿರಿಯರು, ಗೌಡರು. ಅವರ ಓಣಿಯ ಅಜ್ಜ ಒಬ್ಬರು ನಸುಕಿನಲ್ಲಿ ತೀರಿಕೊಂಡಿದ್ದರು. "ಆರತಿ ಗೀರತಿ ಬಿಡ್ರಿ. ಗಾಡಿ ಲಗೂನ ತರ್ರಿ. ಅಜ್ಜನ ಮಗಳು ರುದ್ರವ್ವ ಅಲ್ಲೇ ತಿಕೋಟಾದಾಗ ಅದಾಳ, ಆಕಿನ್ನೂ ಕರ್ಕೊಂಡು ಬರ್ರಿ. ಆಕಿ ಗಂಡ ಮುಂಜಾನೇನ ಹೊಲಕ್ಕ ಹೋಗ್ಯಾನ, ಫೋನ್ ಹತ್ತವಲ್ದು."

ರುದ್ರವ್ವ ತನ್ನ ಮನೆಯ ಕಟ್ಟೆಯ ಮೇಲೆ ಚೀಲ ಹಿಡಿದು ಕೂತಿದ್ದಳು. ಐವತ್ತು ದಾಟಿದ, ಮೈ ತುಂಬಿದ ಹೆಂಗಸು. ಮೊಣಕಾಲು ನೋವಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಕಾರಿನ ಸೀಟು ಹೊಲಸಾದೀತು ಅಂತ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಯಲ್ಲಿ ಕೂತಳು. ನಾನು ಅವಳ ಪಕ್ಕ ಹಿಂದೆ ಕೂತೆ. ಅವಳ ಚೀಲದಲ್ಲಿ ವಿಭೂತಿ ಗಟ್ಟಿ, ಹೊಸ ಟವೆಲ್ಲು, ಕಾಗದದಲ್ಲಿ ಸುತ್ತಿದ ಪತ್ರಿ ಇದ್ದವು.

ಬಬಲೇಶ್ವರದ ರಸ್ತೆ ಅಲ್ಲಲ್ಲಿ ಕಿತ್ತಿತ್ತು. ದ್ರಾಕ್ಷಿ ತೋಟಗಳ ನಡುವೆ ಒಣದ್ರಾಕ್ಷಿ ಶೆಡ್ಡುಗಳು ಖಾಲಿ ನಿಂತಿದ್ದವು, ಅವುಗಳ ಹಸಿರು ಪರದೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ರುದ್ರವ್ವ ಅಳಲಿಲ್ಲ. ಕಿಟಕಿ ನೋಡುತ್ತಲೇ ಮಾತಾಡಿದಳು.

"ನಾ ಒಬ್ಬಾಕಿನ ರೀ. ಗಂಡಮಗಾ ಇಲ್ಲಂತ ನಮ್ಮಪ್ಪ ಎಂದೂ ಅನಲಿಲ್ಲ. ‘ಮೊದಲ ನಿನ್ನ ಕೈಲೆ ಒಂದು ಹಿಡಿ ಮಣ್ಣ ಬೀಳಬೇಕವಾ, ಆಮ್ಯಾಲ ಊರ ಮಂದಿ ಹಾಕ್ಲಿ’ ಅಂತಿದ್ದ. ನಾ ಚಾಷ್ಟಿ ಮಾಡ್ತಿದ್ದೆ: ‘ಯಪ್ಪಾ, ನಿನಕಿಂತ ಮೊದಲ ನಾ ಹೋದ್ರ?’ ಅಂತ. ‘ಹೋಗಿ ನೋಡು, ಕಾಲು ಮುರೀತೀನಿ’ ಅಂತಿದ್ದ." ಅವಳು ನಕ್ಕಳು. ಆಮೇಲೆ ಸೆರಗು ಬಾಯಿಗೆ ಹಿಡಿದಳು.

ನಾವು ತಲುಪಿದಾಗ ಮನೆಯ ಮುಂದೆ ಭಜನೆ ನಡೆದಿತ್ತು. ಅಜ್ಜನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ರುದ್ರವ್ವ ಹೊಸ ಟವೆಲ್ಲು ಹೆಗಲಿಗೆ ಹಾಕಿ, ಅಪ್ಪನ ಗಲ್ಲಕ್ಕೆ ಅಂಟಿದ್ದ ಹೂವಿನ ಎಸಳನ್ನು ತೆಗೆದಳು. ಅಜ್ಜನನ್ನು ಎತ್ತಿ ತಂದು ಗಾಡಿಯೊಳಗೆ ಕೂರಿಸಿದರು. ಕುರ್ಚಿ ಎಲ್ಲರ ಮನಸ್ಸಿಗೂ ಬಂತು. "ಭಾಳ ಛಲೋ ಮಾಡ್ಸೀರಿ," "ಅಜ್ಜಾ ರಾಜಾನಂಗ ಕುಂತಾನ ನೋಡ್ರಿ" ಅಂದರು. ಯಜಮಾನರ ಮುಖ ಅರಳಿದ್ದನ್ನು ನಾನು ನೋಡಿದೆ.

ಮೆರವಣಿಗೆ ಊರು ದಾಟಿ ಹಳ್ಳದ ಕಡೆ ಹೊರಳಿತು. ಕರಿ ಎರೆ ಭೂಮಿ, ಹಿಂದಿನ ರಾತ್ರಿ ಮಳೆಯಾಗಿತ್ತು. ಗಾಡಿ ಸ್ವಲ್ಪ ಹೋಗಿ ಹಿಂದಿನ ಗಾಲಿ ಹೂತು ನಿಂತಿತು. ಸಿದ್ದಪ್ಪ ಎಷ್ಟು ಒತ್ತಿದರೂ ಕೆಸರು ಸಿಡಿಯಿತೇ ಹೊರತು ಗಾಡಿ ಅಲುಗಲಿಲ್ಲ. ಗಂಡಸರು ದಬ್ಬಿ ಹಿಂದಕ್ಕೆ ತಂದರು. ಒಳಗೆ ಅಜ್ಜ ಕುರ್ಚಿಯಲ್ಲಿ ಅತ್ತಿತ್ತ ವಾಲುತ್ತಿದ್ದರು. ರುದ್ರವ್ವ ಗಾಜಿಗೆ ಅಂಗೈ ಒತ್ತಿಕೊಂಡು ಜೊತೆಗೇ ನಡೆದಳು.

"ಮೊದಲೂ ಹಿಂಗ ಹಳ್ಳ ಬಳಸಿ ಹೋಗ್ತಿದ್ರೇನು?" ಅಂತ ಪಕ್ಕದ ಹೆಂಗಸನ್ನು ಕೇಳಿದೆ.

"ಇಲ್ಲ ತಗೀರಿ. ಅಲ್ಲಿ ನೆಟ್ಟಗ ಬಂಡಿದಾರಿ ಇತ್ತು. ಈಗ ನಿಮ್ಮ ಲೇಔಟಿನ ಗ್ವಾಡಿ ಬಂದೈತಲ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಗೋಡೆ ಮುಚ್ಚಿದ ಆ ದಾರಿ ನಕ್ಷೆಯಲ್ಲಿ ಇರಲಿಲ್ಲವಂತೆ, ಕಾಲಿನ ರೂಢಿಯಲ್ಲಷ್ಟೇ ಇತ್ತು. ದಾರಿ ತೆಗೆದುಕೊಂಡವರೇ ಗಾಡಿ ತಂದಿದ್ದೆವು.

ಗೌಡರು ಯಜಮಾನರ ಹತ್ತಿರ ಬಂದರು. "ಸಾವ್ಕಾರ್ರ, ನಿಮ್ಮ ಲೇಔಟಿನ ರಸ್ತೆ ಡಾಂಬರದ್ದು. ಹಿಂದಿನ ಗ್ವಾಡಿ ದಾಟಿದ್ರ ಹೂಳೂ ಜಾಗಾ ಅಲ್ಲೇ ಐತಿ. ಎರಡ ಮಾರು ಗ್ವಾಡಿ ಕೆಡವಿಸ್ರಿ."

ಯಜಮಾನರು ಪಾಲುದಾರರೊಬ್ಬರಿಗೆ ಫೋನ್ ಹಚ್ಚಿದರು. ಆ ಕಡೆಯ ಮಾತು ನನಗೂ ಕೇಳಿಸಿತು. "ಇವತ್ತ ಕೆಡವಿದ್ರ ನಾಳೆ ಅದು ದಾರಿನ ಆಗ್ತದ. ಲೇಔಟಿನ್ಯಾಗ ಹೆಣ ಅಡ್ಡಾಡಿದ್ರ ಉಳದ ಸೈಟು ಯಾರು ತಗೋತಾರ?" ಯಜಮಾನರು ಫೋನ್ ಕಿಸೆಗಿಟ್ಟು, ಗೌಡರ ಮುಖ ನೋಡದೆ ಹೇಳಿದರು: "ಮುಂದಿನ ಗೇಟ್ ತಗಸ್ತೀನಿ. ಗ್ವಾಡಿ ತನಕ ಗಾಡಿ ಬರ್ಲಿ. ಅಲ್ಲಿಂದ... ಎತ್ತಿ ದಾಟಸ್ರಿ."

ಹಾಗೇ ಆಯಿತು. ಮನೆಗಳಿಲ್ಲದ ನುಣುಪಾದ ರಸ್ತೆಯ ಮೇಲೆ ಗಾಡಿ ಸದ್ದಿಲ್ಲದೆ ಗೋಡೆಯವರೆಗೆ ಹೋಯಿತು. ಆಳೆತ್ತರದ ಗೋಡೆ, ಮೇಲೆ ಗಾಜಿನ ಚೂರು ನೆಟ್ಟಿದ್ದರು. ಅದರ ಮೇಲೆ ಗೋಣಿಚೀಲ ಮಡಚಿ ಹಾಸಿದರು. ಕೆಲವರು ಆಚೆ ಹಾರಿದರು, ಕೆಲವರು ಈಚೆ ನಿಂತರು. ಕೂತ ಭಂಗಿಯಲ್ಲಿ ಬಿಗಿದುಹೋದ ಅಜ್ಜನನ್ನು ಕೈಯಿಂದ ಕೈಗೆ ದಾಟಿಸಿದರು. ಒಂದು ಗಳಿಗೆ ಅವರು ಗೋಡೆಯ ಮೇಲೆ ನಮ್ಮ ಕಡೆ ಮುಖ ಮಾಡಿ ಕೂತ ಹಾಗೆ ಕಂಡರು. ಭಜನೆ ನಿಂತಿತ್ತು.

"ನನ್ನ ಹ್ಯಾಂಗ ದಾಟಸ್ತೀರಿ?" ಅಂದಳು ರುದ್ರವ್ವ.

ಈಚೆ ನಿಂತವರು ಅವಳ ಮೊಣಕಾಲಿನ ಪಟ್ಟಿ ನೋಡಿದರು. ಅವಳ ದೊಡ್ಡಪ್ಪನ ಮಗ ಆಚೆಯಿಂದ ಕೂಗಿದ: "ಅಕ್ಕಾ, ನೀ ಅಲ್ಲೇ ನಿಂದ್ರು. ನಿನ್ನ ಪಾಲಿನ ಮಣ್ಣ ನಾ ಹಾಕ್ತೀನಿ."

"ನಾ ಬರೂತನಕಾ ತಡೀರಿ," ಅಂದವಳೇ ತಿರುಗಿ ನಡೆದಳು. ನಾನೂ ಹಿಂದೆ ಹೋದೆ. "ನೀ ಎಲ್ಲಿಗೆ?" ಅಂದರು ಯಜಮಾನರು. ನಾನು ಚಪ್ಪಲಿ ಬಿಚ್ಚಿ ಅವರ ಕಾರಿನ ಪಕ್ಕ ಇಟ್ಟೆ.

ಗೇಟು ದಾಟಿ, ಊರಂಚು ಬಳಸಿ, ಹಳ್ಳಕ್ಕಿಳಿದೆವು. ಎರೆ ಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿ ಭಾರವಾಗುತ್ತಿತ್ತು. ರುದ್ರವ್ವ ನನ್ನ ಭುಜ ಹಿಡಿದು ನಡೆದಳು. ಹಳ್ಳದ ನೀರು ಮೀನಖಂಡದವರೆಗೆ ಬಂತು. ತೊಗರಿ ಹೊಲದ ಬದುವಿನಲ್ಲಿ ಅವಳು ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. "ಅಲ್ಲಿ ಹೋಗಿ ತಗೋಳಾಕ ಹೊತ್ತು ಇರ್ತೈತೋ ಇಲ್ಲೋ," ಅಂದಳು. ಅಷ್ಟರಲ್ಲಿ ಮಳೆ ಶುರುವಾಯಿತು. ದಪ್ಪ ಹನಿ. ಅವಳು ಮುಷ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ನಾವು ಮುಟ್ಟಿದಾಗ ಗಂಡಸರು ಸಲಿಕೆ ತೊಳೆಯುತ್ತಿದ್ದರು. ಗುಂಡಿಯಲ್ಲಿ ನೀರು ತುಂಬತೊಡಗಿತ್ತು, ಕಾಯಲು ಆಗಲಿಲ್ಲ ಅಂದರು ಅಂತ್ಯಕ್ರಿಯೆ ಮಾಡಿಸಿದ ಅಯ್ಯನವರು. ಅವರ ಕಣ್ಣು ಕೆಂಪಾಗಿದ್ದವು. ದೊಡ್ಡಪ್ಪನ ಮಗ ಮುಖ ಮುಚ್ಚಿಕೊಂಡು ಕೂತಿದ್ದ. ರುದ್ರವ್ವ ಗುಂಡಿಯ ಹತ್ತಿರ ಮೊಣಕಾಲೂರಿದಳು. ಮುಚ್ಚಿದ ಮಣ್ಣಿನ ಮೇಲೆ ತನ್ನ ಹಿಡಿ ಮಣ್ಣು ಇಟ್ಟು, ರೊಟ್ಟಿ ಬಡಿಯುವ ಹಾಗೆ ಅಂಗೈಯಿಂದ ತಟ್ಟಿದಳು. ಮಳೆ ಅದನ್ನು ಕರಗಿಸಿತು. ಅವಳು ಮತ್ತೆ ಮತ್ತೆ ತಟ್ಟಿದಳು.

ನಾನು ಬಂದ ದಾರಿಯಲ್ಲೇ ಒಬ್ಬಳೇ ವಾಪಸಾದೆ. ಗಾಡಿಯನ್ನು ಗೌಡರಿಗೆ ಒಪ್ಪಿಸಿ ಸಿದ್ದಪ್ಪ ಬಸ್ಸಿಗೆ ಹೋಗಿದ್ದ. ಯಜಮಾನರು ಕಾರಿನಲ್ಲಿ ಕೂತಿದ್ದರು. ನನ್ನ ಕಾಲು ನೋಡಿ ಬಾಟಲಿ ನೀರು ಕೊಟ್ಟರು. ನಾನು ತೊಳೆದುಕೊಳ್ಳಲಿಲ್ಲ.

"ಮಣ್ಣ ಕೊಟ್ಟಳೇನು?"

"ತಡಾ ಆಗಿತ್ತು."

ಅವರು ಸ್ಟೇರಿಂಗ್ ಹಿಡಿದರು. "ಯಾರರ ನನ್ನ ಬೈದ್ರೇನು?"

"ಇಲ್ಲ. ಗಾಡಿ ಛಲೋ ಅದ ಅಂದ್ರು."

"ಬೈದಿದ್ರ ಬೇಷಿತ್ತು."

"ಗ್ವಾಡಿ ಕೆಡವಸ್ರಿ," ಅಂದೆ.

"ಉಳದ ಸೈಟು ಮಾರಿ ಹೋಗ್ಲಿ. ಆಮ್ಯಾಲ ಎಲ್ಲಾರೂ ಕೂಡಿ ಮಾತಾಡೂಣು."

ಕಾರು ಹೊರಟಾಗ ಸಂಜೆಗತ್ತಲು ಕವಿದಿತ್ತು. ನಾನು ತಿರುಗಿ ನೋಡಿದೆ. ಲೇಔಟಿನ ಯಾರೂ ವಾಸವಿಲ್ಲದ ಬೀದಿಗಳಲ್ಲಿ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಆ ಬೆಳಕಿನಲ್ಲಿ ವಾಚ್‌ಮನ್ ಗೋಡೆಯ ಮೇಲಿನ ಗೋಣಿಚೀಲ ಎಳೆದು, ಮಳೆನೀರು ಝಾಡಿಸಿ, ಮಡಚುತ್ತಿದ್ದ.