ಹಿಂದಿನ ಕಂಬಕ್ಕೆ

ಗೋವಾದ ಕ್ಲಬ್ಬಿಗೆ ಸೇರಿದ ಮೊದಲ ವಾರ ಅಲ್ಲಿನ ಕೋಚ್ ಅಭ್ಯಾಸ ನಿಲ್ಲಿಸಿ ನನ್ನನ್ನು ಗೆರೆಯ ಪಕ್ಕಕ್ಕೆ ಕರೆದರು. ಬಿಳಿ ಗಡ್ಡದ, ಮೆದು ಮಾತಿನ ಮನುಷ್ಯ. ಹರಕು ಹಿಂದಿಯಲ್ಲಿ ಕೇಳಿದರು: “ನೀನು ಚೆಂಡನ್ನ ಯಾರಿಗೆ ಕಳಿಸ್ತಾ ಇದೀಯ?”

ನಾನು ಗೋಲಿನ ಕಡೆ ನೋಡಿದೆ. ನಮ್ಮ ಇಬ್ಬರು ಫಾರ್ವರ್ಡ್‌ಗಳು ಗೋಲಿನ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಎಡಬದಿಯಿಂದ ನಾನು ಹೊಡೆದ ಚೆಂಡು ಅವರಿಬ್ಬರ ತಲೆಯ ಮೇಲಿಂದ ಹಾದು, ಆಚೆ ಬದಿಯ ಗೋಲುಕಂಬದ ಹತ್ತಿರ ಬಿದ್ದು, ಉರುಳಿಕೊಂಡು ಹೋಗಿ ತೆಂಗಿನ ಮರದ ಬುಡದಲ್ಲಿ ನಿಂತಿತ್ತು. ಬೆಳಗಿನಿಂದ ಹಾಗೇ ಆಗುತ್ತಿತ್ತು.

“ಅಲ್ಲಿ ಯಾರೂ ಇಲ್ಲ,” ಎಂದರು ಕೋಚ್.

“ಗೊತ್ತು ಸಾರ್,” ಎಂದೆ.

ಗೊತ್ತಿತ್ತು. ಆದರೂ ಪ್ರತಿ ಸಲ ಅಲ್ಲಿಂದ ಒಬ್ಬ ನನ್ನನ್ನು ಕೂಗುತ್ತಿದ್ದ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ತ್ಯಾಗರಾಜನಗರದಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ನಾನು ಎಡಚ. ಎಡಗೈಯಲ್ಲಿ ಬರೆದರೆ, ಎಡಗೈಯಲ್ಲಿ ತುತ್ತೆತ್ತಿದರೆ ಅಪ್ಪ ಮರದ ಸ್ಕೇಲಿನಿಂದ ಬೆರಳ ಗಂಟಿನ ಮೇಲೆ ಹೊಡೆದು ಬಲಗೈ ರೂಢಿ ಮಾಡಿಸಿದರು. ಕಾಲಿನ ವಿಷಯ ಅವರಿಗೆ ಹೊಳೆಯಲೇ ಇಲ್ಲ. ಹಾಗಾಗಿ ನನ್ನ ಮೈಯಲ್ಲಿ ಎಡಗಾಲೊಂದು ಮಾತ್ರ ತನ್ನಿಷ್ಟದಂತೆ ಬೆಳೆಯಿತು. ನಮ್ಮ ಕಡೆ ಆಟ ಎಂದರೆ ಕ್ರಿಕೆಟ್ಟು. ಫುಟ್ಬಾಲು ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯವರದು. ಎಡಗೈ ಬ್ಯಾಟ್ಸ್‌ಮನ್ ಆಗುವ ದಾರಿಯನ್ನು ಅಪ್ಪನೇ ಮುಚ್ಚಿದ್ದರಿಂದ ನಾನು ಸಾಯಂಕಾಲ ಸೈಕಲ್ ಹತ್ತಿ ಚಾಮರಾಜಪೇಟೆಯ ಮೈದಾನಕ್ಕೆ ಹೋಗತೊಡಗಿದೆ. ಅಲ್ಲಿ ದಿನವೂ ಯಾರಾದರೂ ಫುಟ್ಬಾಲ್ ಆಡುತ್ತಿದ್ದರು.

ನನ್ನ ಗೆಳೆಯ ಸಿಕ್ಕಿದ್ದು ಅಲ್ಲಿಯೇ. ಒಣಕಲು ಮೈ, ಮೊಣಕಾಲಿನ ತುಂಬ ಗಾಯದ ಕಲೆಗಳು, ಬಾಯಿ ತುಂಬ ಮಾತು. ಅವನ ತಂದೆ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮನೆ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ. ಅವನಿಗೆ ಬಲಗಾಲು, ನನಗೆ ಎಡಗಾಲು. ಆದ್ದರಿಂದ ಯಾವ ತಂಡ ಕಟ್ಟಿದರೂ ಅವನು ಬಲಬದಿಯ ವಿಂಗರ್, ನಾನು ಎಡಬದಿಯವನು. ವಿಂಗರ್ ಎಂದರೆ ಗೆರೆಯ ಪಕ್ಕದಲ್ಲೇ ಓಡುವವನು. ಎದುರಾಳಿಯನ್ನು ದಾಟಿ, ಮೂಲೆಯ ತನಕ ಹೋಗಿ, ಅಲ್ಲಿಂದ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹಾಕುವುದು ಅವನ ಕೆಲಸ. ಇಡೀ ಮೈದಾನದಲ್ಲಿ ಒಬ್ಬರಿಗೊಬ್ಬರು ತೀರ ದೂರ ಇರುವವರೆಂದರೆ ಇಬ್ಬರು ವಿಂಗರ್‌ಗಳೇ. ಆಟ ಮುಗಿದ ಮೇಲಷ್ಟೇ ನಾವು ಮಾತಾಡುವಷ್ಟು ಹತ್ತಿರ ಬರುತ್ತಿದ್ದೆವು.

ಆದರೆ ಅವನ ಗಂಟಲು ದೊಡ್ಡದು. ಎಡಗಡೆಯಲ್ಲಿ ನನಗೆ ಚೆಂಡು ಸಿಕ್ಕಿತೆಂದರೆ ಅವನು ಬಲಗಡೆಯಿಂದ ಓರೆಯಾಗಿ ಗೋಲಿನತ್ತ ಓಡಿಬಂದು, ನನಗೆ ದೂರವಾದ ಆಚೆ ಕಂಬದ ಹತ್ತಿರ ನಿಲ್ಲುತ್ತಿದ್ದ. ನಾವು ಅದನ್ನು ಹಿಂದಿನ ಕಂಬ ಎನ್ನುತ್ತಿದ್ದೆವು. ಅಲ್ಲಿಂದ ಕೂಗು: “ಹಿಂದೆ ಮಗಾ, ಹಿಂದೆ!” ನಾನು ತಲೆಯೆತ್ತಿ ನೋಡುವ ಅಗತ್ಯವೇ ಇರಲಿಲ್ಲ. ಕೂಗು ಬಂದ ಕಡೆಗೆ ಎತ್ತಿ ಹಾಕುತ್ತಿದ್ದೆ. ಉಳಿದದ್ದನ್ನು ಅವನ ತಲೆ ನೋಡಿಕೊಳ್ಳುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಇಬ್ಬರನ್ನೂ ಒಂದು ದೊಡ್ಡ ಕಾರ್ಖಾನೆಯ ತಂಡಕ್ಕೆ ತೆಗೆದುಕೊಂಡರು. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಕಾರ್ಖಾನೆಯ ಸ್ಟೋರಿನಲ್ಲಿ ಹೆಸರಿಗೊಂದು ಕೆಲಸ. ಖಾಯಂ ನೌಕರಿ ಎಂದು ಅಪ್ಪ ಮೊದಲ ಸಲ ನನ್ನ ಆಟವನ್ನು ಒಪ್ಪಿದರು.

ಎರಡನೆಯ ವರ್ಷ, ಮಳೆಗಾಲದ ಶುರುವಿನಲ್ಲಿ, ಬೆಂಗಳೂರಿನಲ್ಲೇ ಒಂದು ಲೀಗ್ ಪಂದ್ಯ. ಮೋಡ ಮುಸುಕಿದ ಮಧ್ಯಾಹ್ನ. ಗ್ಯಾಲರಿಯಲ್ಲಿ ಬೆರಳೆಣಿಕೆಯ ಜನ, ಕಡಲೆಕಾಯಿ ತಿನ್ನುತ್ತ ಕೂತಿದ್ದರು. ನನಗೆ ಎಡಗಡೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದೆ. ಮೂಲೆಯ ಹತ್ತಿರ ಹೋದೆ. “ಹಿಂದೆ ಮಗಾ, ಹಿಂದೆ!” ಎಂದು ಕೇಳಿಸಿತು. ಎತ್ತಿ ಹಾಕಿದೆ. ಬಹಳ ಚೆನ್ನಾಗಿ ಹೋಯಿತು. ಕಾಲಿಗೇ ಅದು ತಿಳಿಯುತ್ತದೆ. ಚೆಂಡು ಹಿಂದಿನ ಕಂಬದ ಮೇಲೆ ತೇಲಿ, ಯಾರೂ ಮುಟ್ಟದೆ ಗೆರೆಯಾಚೆ ಬಿತ್ತು.

ನಮ್ಮ ಕೋಚ್ ಹೊರಗಿನಿಂದ ಅರಚಿದರು: “ಎಲ್ಲಿ ಸತ್ತೋದ ಅವ್ನು?”

ಎಲ್ಲ ಕೋಚ್‌ಗಳೂ ದಿನಕ್ಕೆ ಹತ್ತು ಸಲ ಅನ್ನುವ ಮಾತು ಅದು. ಆಮೇಲೆ ಅವರು ಆ ಮಾತನ್ನು ಯಾರಿಗೂ ಅಂದಿದ್ದನ್ನು ನಾನು ಕೇಳಲಿಲ್ಲ.

ಅವನು ಮೈದಾನದ ನಟ್ಟನಡುವಿನ ಗೆರೆಯ ಬಳಿ, ಬಲಬದಿಯಲ್ಲಿ, ಬೋರಲಾಗಿ ಬಿದ್ದಿದ್ದ. ಹತ್ತಿರದಲ್ಲಿ ಎದುರಾಳಿ ಕೂಡ ಇರಲಿಲ್ಲ. ಗೆರೆಯ ಪಕ್ಕದ ಜಾಹೀರಾತಿನ ಹಲಗೆಯೊಂದನ್ನು ಕಿತ್ತು ಅದರ ಮೇಲೆ ಮಲಗಿಸಿ, ಯಾರದೋ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ನಾನು ಅವನ ಬೂಟಿನ ದಾರ ಬಿಚ್ಚಲು ನೋಡುತ್ತಿದ್ದೆ. ಒದ್ದೆಯಾಗಿ ಬಿಗಿದ ಗಂಟು, ಬಿಚ್ಚಲಾಗಲಿಲ್ಲ. ಹುಟ್ಟಿನಿಂದಲೇ ಹೃದಯದ ಗೋಡೆ ದಪ್ಪವಿತ್ತು, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ, ಆ ಬದಿಯ ಗೆರೆ ಕಾಯುತ್ತಿದ್ದ ಲೈನ್ಸ್‌ಮನ್ ನನ್ನ ಪಕ್ಕ ಕೂತ. ಸಮಾಧಾನ ಹೇಳಲೆಂದೇ ಬಂದವನು. “ನೀನು ಚೆಂಡು ತಗೊಂಡಿದ್ಯಲ್ಲ, ಅಷ್ಟರಲ್ಲಾಗ್ಲೇ ಅವ್ನು ಬಿದ್ದಿದ್ದ ಕಣಪ್ಪಾ. ನೋವೂ ಗೊತ್ತಾಗಿರಲ್ಲ, ಬಿಡು,” ಎಂದ.

ಹಾಗಿದ್ದರೆ ಕೂಗಿದ್ದು ಯಾರು?

ಮುಂದಿನ ಸೀಸನ್ನಿನ ಮೊದಲ ಪಂದ್ಯದಲ್ಲಿ ಬಲಗಡೆಗೆ ಹೊಸಬನೊಬ್ಬ ಬಂದಿದ್ದ. ಮಾತೇ ಆಡದ ಹುಡುಗ. ನಾನು ಮೂಲೆಯತ್ತ ಓಡುವಾಗ ಅದೇ ಕೂಗು ಬಂತು. ಅದೇ ಗಂಟಲು, ಅದೇ ಅವಸರ. ನಾನು ಓಡುತ್ತಿದ್ದವನು ನಿಂತುಬಿಟ್ಟೆ. ಎದುರಾಳಿ ಬಂದು ನನ್ನ ಕಾಲಿನಿಂದ ಚೆಂಡನ್ನು ಕಸಿದುಕೊಂಡು ಹೋದ. ಬೆಂಗಳೂರಿನ ಮೈದಾನದಲ್ಲಿ ಮಾತ್ರ ಹೀಗಾಗುತ್ತದೆ, ಬೇರೆ ಕಡೆ ಹೋದರೆ ಸರಿಹೋಗುತ್ತದೆ ಅಂದುಕೊಂಡೆ. ಕೇರಳದ ಒಂದು ಕ್ಲಬ್ಬಿನಿಂದ ಕರೆ ಬಂದಾಗ ಒಪ್ಪಿಕೊಂಡೆ.

“ಖಾಯಂ ಕೆಲ್ಸ ಬಿಟ್ಟು ಚೆಂಡಿನ ಹಿಂದೆ ಊರೂರು ಅಲೀತೀಯಾ?” ಎಂದು ಅಪ್ಪ ಕೇಳಿದರು. ನಾನು ಚೆಂಡಿನ ಹಿಂದೆ ಹೋಗುತ್ತಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಅಮ್ಮ ಸುಮ್ಮನೆ ಚಟ್ನಿಪುಡಿಯ ಡಬ್ಬ ತುಂಬಿದಳು.

ಕೇರಳದಲ್ಲಿ ತಂಡದ ಉಳಿದ ಹತ್ತು ಜನ ಮಲಯಾಳದಲ್ಲಿ ಕಿರುಚುತ್ತಿದ್ದರು. ಅದರ ನಡುವೆ ಶುದ್ಧ ಚಾಮರಾಜಪೇಟೆಯ ಕನ್ನಡ ನನಗೆ ಕೇಳಿಸಿತು. ಅಲ್ಲಿಂದ ಕಲ್ಕತ್ತೆಗೆ ಹೋದೆ. ಮಿಠಾಯಿ ಅಂಗಡಿಯ ಮೇಲಿನ ಮೆಸ್ಸಿನಲ್ಲಿ ಇರುತ್ತಿದ್ದೆ. ತ್ಯಾಗರಾಜನಗರದ ಮೇಷ್ಟರ ಮಗ ಮೊದಲು ಮೊಟ್ಟೆ, ಆಮೇಲೆ ಮೀನಿನ ಸಾರು ಕಲಿತದ್ದು ಅಲ್ಲಿಯೇ. ಅಲ್ಲಿಯ ಜನಸಾಗರದ ಗದ್ದಲದಲ್ಲಿ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುತ್ತಿರಲಿಲ್ಲ. ಅವನ ಕೂಗು ಕೇಳಿಸುತ್ತಿತ್ತು. ನಾನು ಎತ್ತಿ ಹಾಕುತ್ತಿದ್ದೆ, ಚೆಂಡು ಖಾಲಿ ಜಾಗಕ್ಕೆ ಹೋಗುತ್ತಿತ್ತು, ಜನ ಉಗಿಯುತ್ತಿದ್ದರು. ಒಂದು ಸೀಸನ್ ಆದ ಮೇಲೆ ಬೊಂಬಾಯಿಯ ಬ್ಯಾಂಕೊಂದರ ತಂಡ, ಅಲ್ಲಿಂದ ಗೋವಾ. ಓಟ ಒಳ್ಳೆಯದು, ಎಡಗಾಲು ಒಳ್ಳೆಯದು, ಆದರೆ ತಲೆಯೆತ್ತಿ ನೋಡುವುದಿಲ್ಲ ಎಂದು ಪ್ರತಿ ಕ್ಲಬ್ಬಿನವರೂ ಹೇಳಿ ಕಳಿಸುತ್ತಿದ್ದರು.

ನಾನು ಭೂತಪ್ರೇತ ನಂಬುವವನಲ್ಲ. ಹೆದರಿಕೆಯೂ ಆಗುತ್ತಿರಲಿಲ್ಲ. ಆ ಕೂಗಿನಲ್ಲಿ ಸಂಕಟ ಇರಲಿಲ್ಲ. ಗೋಲು ಹೊಡೆಯುತ್ತೇನೆಂಬ ಖುಷಿಯೇ ಇತ್ತು. ಅದೇ ನನ್ನನ್ನು ಹಿಂಡುತ್ತಿತ್ತು. ಅವನಿಗೆ ಇನ್ನೂ ಗೊತ್ತಾಗಿಲ್ಲವೇನೋ ಅನ್ನಿಸುತ್ತಿತ್ತು.

ಗೋವಾದಲ್ಲಿ ನಮ್ಮ ತಂಡದ ಒಬ್ಬ ಫಾರ್ವರ್ಡ್ ಮಣಿಪುರದವನು. ಕುಳ್ಳ, ಚುರುಕು. ಕೋಚ್ ನನ್ನನ್ನು ಕೇಳಿದ ಮಾತು ಅವನ ಕಿವಿಗೂ ಬಿದ್ದಿತ್ತು. ಮರುದಿನ ಅವನು ಬಂದು, “ನೀನು ಹೇಗಿದ್ರೂ ಅಲ್ಲಿಗೇ ಹಾಕ್ತೀಯ. ನಾನೇ ಅಲ್ಲಿಗೆ ಹೋಗಿ ನಿಲ್ತೀನಿ,” ಎಂದ. ನಿಂತ. ಆ ವರ್ಷ ಅವನು ಹೊಡೆದ ಗೋಲುಗಳಲ್ಲಿ ಬಹುಪಾಲು ನನ್ನ ಎಡಗಾಲಿನಿಂದ ಹೋದವು. ಪೇಪರಿನವರು ನಮ್ಮಿಬ್ಬರ ಫೋಟೋ ಹಾಕಿದರು. ಊರಿನಲ್ಲಿ ಅಪ್ಪ ಅದನ್ನು ಕತ್ತರಿಸಿಟ್ಟರಂತೆ. ನನ್ನ ಆಟದ ಬದುಕಿನಲ್ಲಿ ಅಂಥ ವರ್ಷ ಮತ್ತೆ ಬರಲಿಲ್ಲ.

ಆದರೆ ಗೋಲು ಹೊಡೆದು ಅವನು ಓಡಿಬಂದು ನನ್ನನ್ನು ತಬ್ಬಿಕೊಂಡಾಗಲೆಲ್ಲ ನಾನು ಅವನ ಹೆಗಲ ಮೇಲಿಂದ ಆ ಕಂಬದ ಕಡೆಗೇ ನೋಡುತ್ತಿದ್ದೆ. ಯಾರದೋ ಎಲೆಯ ಮುಂದೆ ಇನ್ಯಾರನ್ನೋ ಕೂರಿಸಿ ಬಡಿಸಿದ ಹಾಗೆ ಕಸಿವಿಸಿಯಾಗುತ್ತಿತ್ತು. ಪಂದ್ಯ ಮುಗಿಸಿ ಬಸ್ಸಿನಲ್ಲಿ ಬರುವಾಗ ಒಂದು ದಿನ ಅವನು, “ನೀನ್ಯಾಕೆ ನಗಲ್ಲ?” ಎಂದು ಕೇಳಿದ. ಕೂಗಿನ ವಿಷಯ ಹೇಳಿಬಿಟ್ಟೆ. ಅವನು ಮೆಲ್ಲಗೆ ಕೇಳಿದ: “ನಾನು ಅಲ್ಲಿ ನಿಂತಾಗ ಅವ್ನು ಎಲ್ಲಿ ನಿಲ್ತಾನೆ?”



ಮಂಡಿ ಕೈಕೊಡತೊಡಗಿದ ಮೇಲೆ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಬೆಂಗಳೂರಿಗೆ ಮರಳಿದೆ. ಇಲ್ಲಿನ ಒಂದು ಸಣ್ಣ ಕ್ಲಬ್ಬು ಕೊನೆಯದಾಗಿ ನನ್ನನ್ನು ಸೇರಿಸಿಕೊಂಡಿತು. ಒಂದು ದಿನ ಅಮ್ಮ ಗಾಂಧಿಬಜಾರಿನಿಂದ ಬಂದವಳು ಹೂವಿನ ಪೊಟ್ಟಣ ಕೆಳಗಿಡುತ್ತ, “ಚಾಮರಾಜಪೇಟೆಲಿ ನಿನ್ ಫ್ರೆಂಡ್ ಇದ್ನಲ್ಲ, ಅವನಮ್ಮ ಸಿಕ್ಕಿದ್ರು. ಒಂದ್ಸಲ ಬಂದ್ಹೋಗೋಕೆ ಹೇಳಿ ಅಂದ್ರು,” ಎಂದಳು.

ಅವನ ವೈಕುಂಠ ಸಮಾರಾಧನೆಯ ದಿನ ಉಂಡು ಬಂದವನು ಆ ಮನೆಗೆ ಮತ್ತೆ ಹೋಗಿರಲಿಲ್ಲ. ಹೋದಾಗ ಅವನ ತಂದೆ ಹೊರಗಿನ ಕುರ್ಚಿಯಲ್ಲಿದ್ದರು. ಪ್ರೆಸ್ಸಿನಲ್ಲಿ ಕಂಪ್ಯೂಟರು ಬಂದು ಮೊಳೆ ಜೋಡಿಸುವ ಕೆಲಸ ಹೋಗಿತ್ತು. “ಬಾಪ್ಪಾ,” ಎಂದವರು ಓಣಿಯ ಕಡೆ ಮುಖ ತಿರುಗಿಸಿದರು. ಮಗ ಹೋದಮೇಲೆ ಅವರು ಅವನ ವಿಷಯ ಎತ್ತುವುದಿಲ್ಲ, ಯಾರಾದರೂ ಎತ್ತಿದರೆ ಎದ್ದು ಹೋಗುತ್ತಾರೆ ಎಂದು ಅವನ ತಾಯಿ ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಹೇಳಿದರು. ಆಮೇಲೆ ದನಿ ತಗ್ಗಿಸಿ, “ನಾನು ಅವ್ನು ಬಿದ್ದ ಗ್ರೌಂಡ್ ನೋಡೇ ಇಲ್ಲ ಕಣಪ್ಪಾ. ಒಂದ್ಸಲ ಕರ್ಕೊಂಡ್ ಹೋಗ್ತೀಯಾ? ಇವ್ರಿಗೆ ಹೇಳ್ಬೇಡ,” ಎಂದರು.

ಒಂದು ಬೆಳಿಗ್ಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಪಂದ್ಯಗಳಿರದ ಕಾಲ. ವಾಚ್‌ಮನ್ ನನ್ನ ಗುರುತು ಹಿಡಿದು ಗೇಟು ತೆಗೆದ. ಗ್ಯಾಲರಿಯ ಕೆಳಗೆಲ್ಲ ಉತ್ತರಾಣಿ ಗಿಡ, ಹುಲ್ಲು ಬೆಳೆದಿತ್ತು. ಅದನ್ನು ದಾಟಿ ಗೆರೆಯ ಹತ್ತಿರ ಬಂದಾಗ ಅವರು ನಿಂತರು.

“ಚಪ್ಪಲಿ ಬಿಡ್ಬೇಕಾ?”

“ಬೇಡಮ್ಮಾ.”

ಆದರೂ ಬಿಟ್ಟು ಒಳಗೆ ಕಾಲಿಟ್ಟರು. ಅವನು ಬಿದ್ದ ಜಾಗ ತೋರಿಸಿದೆ. ಅಲ್ಲಿ ನಿಂತು ಸುತ್ತ ನೋಡಿದರು. “ಇಷ್ಟು ದೊಡ್ಡ ಜಾಗ,” ಎಂದರು. ಆಮೇಲೆ, “ನೀನೆಲ್ಲಿದ್ದೆ?” ಎಂದರು.

ಆಚೆಯ ಮೂಲೆ ತೋರಿಸಿದೆ.

“ಅಲ್ಲಿಗ್ ಹೋಗಿ ನಿಂತ್ಕೋ.”

ಮೈದಾನವನ್ನು ಅಡ್ಡ ಹಾಯ್ದು ಹೋಗಿ ನನ್ನ ಜಾಗದಲ್ಲಿ ನಿಂತು ತಿರುಗಿದೆ. ಅಷ್ಟು ದೂರದಿಂದ ಅವರು ಹಸಿರಿನ ಮೇಲೊಂದು ನೇರಳೆ ಸೀರೆ ಮಾತ್ರ. ಸೆರಗು ಬಿಗಿಹಿಡಿದು ಮುಂದಕ್ಕೆ ಬಾಗಿದ್ದು ಕಂಡಿತು. ಆಮೇಲೆ ಕೈಬೀಸಿ ಕರೆದರು. ವಾಪಸು ಹೋದೆ.

“ನಿನ್ ಹೆಸರು ಹಿಡಿದು ಕೂಗ್ದೆ. ಕೇಳಿಸ್ತಾ?”

“ಇಲ್ಲಮ್ಮಾ.”

“ಮತ್ತೆ ಅವ್ನು ಕೂಗಿದ್ರೆ ಹೆಂಗ್ ಕೇಳಿಸ್ತಿತ್ತು?”

“ಅವನದು ಕೇಳ್ಸೋದು,” ಎಂದೆ. ನಿಲ್ಲಿಸಬಹುದಿತ್ತು, ಆಗಲಿಲ್ಲ. “ಈಗ್ಲೂ ಕೇಳ್ಸುತ್ತಮ್ಮಾ.”

ಕೇರಳ, ಕಲ್ಕತ್ತ, ಗೋವಾ, ಎಲ್ಲವನ್ನೂ ಹೇಳಿದೆ. ಅಳುತ್ತಾರೆ ಅಂದುಕೊಂಡಿದ್ದೆ. ಅವರ ಮುಖದಲ್ಲಿ ಮೂಡಿದ್ದು ಬೇರೆ. ನನ್ನ ತೋಳನ್ನು ಉಗುರು ಊರುವ ಹಾಗೆ ಹಿಡಿದು ಕೇಳಿದರು: “ನಿಂಗೆ ಕೂಗ್ತಾನಾ? ಇಷ್ಟ್ ವರ್ಷ, ಎಲ್ಲೆಲ್ಲಿಗೋ ಬಂದು? ಮನೇಲಿ ನಂಗೆ ಒಂದ್ಸಲಾನೂ ಕೂಗಿಲ್ವಲ್ಲೋ. ನಂಗ್ಯಾಕೆ ಕೇಳ್ಸಲ್ಲ?”

ಆ ಕೂಗು ಕೊಡಲಾಗುವ ವಸ್ತುವಾಗಿದ್ದರೆ ಆ ಕ್ಷಣ ಅವರ ಕೈಗೆ ಕೊಟ್ಟುಬಿಡುತ್ತಿದ್ದೆ.

ಆಮೇಲೆ ನಾನು ಆಡಿದ ಕೊನೆಯ ಸೀಸನ್ನಿನಲ್ಲಿ ಆ ಕೂಗು ಬರಲಿಲ್ಲ. ಎಲ್ಲರ ಹಾಗೆ ತಲೆಯೆತ್ತಿ, ಯಾರೆಲ್ಲಿದ್ದಾರೆಂದು ನೋಡಿ ಹಾಕುತ್ತಿದ್ದೆ. ಹಗುರವಾಗಬೇಕಿತ್ತು, ಆಗಲಿಲ್ಲ. ಮಂಡಿಗಿಂತ ಮೊದಲು ಆ ನಿಶ್ಶಬ್ದವೇ ನನ್ನನ್ನು ಆಟದಿಂದ ಹೊರಗೆ ಹಾಕಿತು. ಆ ಕೂಗು ಎಲ್ಲಿಗೆ ಹೋಯಿತೆಂದು ಆ ತಾಯಿಯನ್ನು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಆ ಬೆಳಿಗ್ಗೆ ನಾವು ಮೈದಾನದಿಂದ ಚಾಮರಾಜಪೇಟೆಗೆ ಹಿಂತಿರುಗಿದಾಗ ಅವನ ತಂದೆ ಅದೇ ಕುರ್ಚಿಯಲ್ಲಿ ಕೂತಿದ್ದರು.

“ಎಲ್ಲಿಗ್ ಹೋಗಿದ್ರಿ?”

“ಮಾರ್ಕೆಟ್‌ಗೆ,” ಎಂದರು ಅವನ ತಾಯಿ. ಕೈಯಲ್ಲಿ ಚೀಲವೂ ಇರಲಿಲ್ಲ.

ತಂದೆ ಹೆಂಡತಿಯ ಮುಖ ನೋಡಿದರು, ಆಮೇಲೆ ಸೀರೆಯ ಅಂಚು. ಅಲ್ಲಿ ಸುತ್ತಲೂ ಉತ್ತರಾಣಿ ಬೀಜ ಅಂಟಿಕೊಂಡಿತ್ತು. ಅವರು ಕುರ್ಚಿಯಿಂದಿಳಿದು ನಿಧಾನವಾಗಿ ಮೊಣಕಾಲೂರಿ ಕೂತರು. ಬಲಗೈಯ ಎರಡು ಬೆರಳಿನಿಂದ ಒಂದೊಂದೇ ಬೀಜ ಬಿಡಿಸಿ ಎಡಗೈಗೆ ಹಾಕಿಕೊಳ್ಳತೊಡಗಿದರು. ಆ ತಾಯಿ ಬಾಗಿಲ ಚೌಕಟ್ಟು ಹಿಡಿದು, ಅಲ್ಲಾಡದೆ ನಿಂತರು. ಎಲ್ಲ ಬಿಡಿಸಿ ಮುಗಿದ ಮೇಲೆ ಅವನ ತಂದೆ ಮುಷ್ಟಿ ಮುಚ್ಚಿಕೊಂಡು ಎದ್ದು ಒಳಗೆ ಹೋದರು.