ರೊಟ್ಟಿ ಬಡಿಯುವ ಮೇಜು

ಅವ್ವನ ಮೊಣಕಾಲು ನೋಡಿದ ಗಂಗಾವತಿಯ ವೈದ್ಯರು, ಇನ್ನು ಮೇಲೆ ನೆಲದ ಮೇಲೆ ಕೂರುವಂತಿಲ್ಲ ಎಂದರು. ಅವ್ವ ತಲೆಯಾಡಿಸಿದಳು. ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲಿ ಹೇಮಗುಡ್ಡ ಕಂಡಾಗ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು: "ಹಂಗಾರ ರೊಟ್ಟಿ?"

ಅವ್ವ ಕುಷ್ಟಗಿ ಕಡೆಯವಳು. ನೆಲದ ಮೇಲೆ ಒಲೆ, ಪಕ್ಕದಲ್ಲಿ ರೊಟ್ಟಿ ಬಡಿಯುವ ಹಲಗೆ, ಎದುರಿಗೆ ಒಂದು ಕಾಲು ಚಾಚಿ ಕೂತ ಅವ್ವ: ನಾನು ಹುಟ್ಟಿದಾಗಿನಿಂದ ನಮ್ಮ ಅಡುಗೆಮನೆ ಇರುವುದೇ ಹೀಗೆ. ನಿಂತು ಮಾಡೋಣವೆಂದರೆ ನಾಲ್ಕನೆಯ ರೊಟ್ಟಿಗೆ ಕಾಲು ನಡುಗುತ್ತಿತ್ತು. ಅಂಗಡಿಯ ರೊಟ್ಟಿ ತಂದುಕೊಟ್ಟೆ. ಅವ್ವ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡು, "ಛಲೋ ಐತಿ" ಎಂದಳು. ಎರಡನೆಯ ತುಣುಕು ಮುರಿಯಲಿಲ್ಲ. ವಾರದಲ್ಲಿ ಅವಳ ಊಟ ಅರ್ಧಕ್ಕಿಳಿಯಿತು. "ಗಂಗಾವತಿ ಮಂದಿ ಬರೇ ಅನ್ನದ ಮ್ಯಾಲೆ ಬದುಕ್ಯಾರಲ್ಲ, ನಾನೂ ಬದುಕ್ತೀನಿ ಬಿಡು" ಎಂದು ನಕ್ಕಳು.

ಕುರ್ಚಿಯಲ್ಲಿ ಕೂತರೆ ಕೈಗೆ ಸರಿಯಾಗಿ ಸಿಗುವ ಎತ್ತರದ, ಹಲಗೆಯೂ ಗ್ಯಾಸ್ ಒಲೆಯೂ ಹಿಡಿಸುವ ಒಂದು ಮೇಜು ಬೇಕಿತ್ತು. ಭಾಗ್ಯನಗರದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಬಡಿಗ ಅಜ್ಜನೊಬ್ಬನ ಕೆಲಸದ ಶೆಡ್ ಇದೆ. ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವ್ವನಿಗಾಗಿ ಏನನ್ನಾದರೂ ಕೈಯಾರೆ ಮಾಡಬೇಕೆಂಬ ಆಸೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ಮಾಡಿಬಿಡುವುದು ಸುಲಭ.

ಪಾಕೆಟ್ ಸ್ಕ್ರೂ ಜೋಡಣೆಯನ್ನು ವಿಡಿಯೋ ನೋಡಿ ಕಲಿತೆ. ಮೇಜಿನ ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿಯ ತುದಿಯಲ್ಲಿ ಓರೆಯಾಗಿ ತೂತು ಕೊರೆಯಬೇಕು. ಸ್ಕ್ರೂವಿನ ತಲೆ ಅದರೊಳಗೆ, ಅಂಗಿಯ ಜೇಬಿನಲ್ಲಿ ಕೂತಂತೆ ಕೂರುತ್ತದೆ, ಮೊನೆ ಪಕ್ಕದ ಕಾಲನ್ನು ಹಿಡಿದುಕೊಳ್ಳುತ್ತದೆ. ತೂತು ಕೊರೆಯುವ ಅಚ್ಚನ್ನು ತರಿಸಿಕೊಂಡೆ. ಅದರ ಜೊತೆ ಬಂದ ಸ್ಕ್ರೂಗಳು ಅಭ್ಯಾಸಕ್ಕೇ ಮುಗಿದವು. ಅಂಗಡಿಯಲ್ಲಿ ಅದೇ ಉದ್ದದ ಕಪ್ಪು ಸ್ಕ್ರೂ ಸಿಕ್ಕವು. ಉದ್ದವನ್ನು ಸ್ಕೇಲಿನಿಂದ ಅಳೆದೆ. ಬೇರೇನನ್ನೂ ನೋಡಲಿಲ್ಲ.

ಮೊದಲ ಸಲ ಸ್ಕ್ರೂ ತಿರುಗಿಸುವಾಗ ಪಟ್ಟಿ ಜಾರಿ ಸಂದು ಉಳಿಯಿತು. ಬಿಚ್ಚಿ, ಕ್ಲಾಂಪಿನಿಂದ ಬಿಗಿದು ಹಿಡಿದು ಮತ್ತೆ ಕೂರಿಸಿದೆ. ಮೇಜು ನಿಂತಿತು. ಅವ್ವ ಅದರ ಮೂಲೆಗಳನ್ನು ಸೆರಗಿನಿಂದ ಒರೆಸಿ, ಹಲಗೆ ಇಟ್ಟುಕೊಂಡು ಬಡಿಯತೊಡಗಿದಳು. ಮುಂಜಾನೆಯ ಆ ಸಪ್ಪಳ ಕೇಳಿ ನಾನು ಪಾಠ ಹೇಳುವ ಕಾಲೇಜಿಗೆ ಹೊರಡಲು ತಡಮಾಡಿದೆ.

ನಾಲ್ಕೇ ದಿನಕ್ಕೆ ಮೇಜಿನ ಕಾಲು ಅಲುಗಾಡಿತು. ಬಿಗಿ ಮಾಡಿದೆ. ಎರಡು ದಿನ ಬಿಟ್ಟು ಮತ್ತೆ ಅಲುಗಾಡಿತು. ಇನ್ನಷ್ಟು ಬಿಗಿ ಮಾಡಿದೆ. ಅಂಗೈಯಲ್ಲಿ ಗುಳ್ಳೆ ಎದ್ದಿತು. ಅದಾದ ಮೇಲೆ ಮೇಜು ಅಲುಗಲಿಲ್ಲ. ಹತ್ತು ದಿನ ಕಳೆದರೂ ಅಲುಗಲಿಲ್ಲ. ಒಳಗೊಳಗೇ ಹೆಮ್ಮೆಪಟ್ಟೆ.

ಒಂದು ಭಾನುವಾರ ಮುಂಜಾನೆ ಪಡಸಾಲೆಯಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದಾಗ ಮನೆ ತೀರಾ ಶಾಂತವಾಗಿದೆ ಅನಿಸಿತು. ಹೆಂಚಿನ ಮೇಲೆ ರೊಟ್ಟಿ ಬೇಯುವ ವಾಸನೆ ಬರುತ್ತಿತ್ತು, ಬಡಿಯುವ ಸಪ್ಪಳ ಮಾತ್ರ ಇರಲಿಲ್ಲ. ಒಳಗೆ ಹೋಗಿ ನೋಡಿದೆ. ಅವ್ವ ಬೆರಳ ತುದಿಯಿಂದ ಹಿಟ್ಟನ್ನು ಒತ್ತಿ ಒತ್ತಿ ಹಿಗ್ಗಿಸುತ್ತಿದ್ದಳು, ಮಲಗಿದ ಕೂಸನ್ನು ತಟ್ಟಿದ ಹಾಗೆ. ರೊಟ್ಟಿ ದಪ್ಪವಾಗಿತ್ತು, ಅಂಚೆಲ್ಲ ಬಿರಿದಿತ್ತು. ಹತ್ತು ದಿನ ನಾನು ತಿಂದದ್ದು ಅದೇ ರೊಟ್ಟಿ. ತಿನ್ನುವಾಗ ಗಮನಿಸಿರಲಿಲ್ಲ.

"ಯಾಕ ಬೇ, ಬಡಿಯವಲ್ಲಿ?"

"ಜೋರ ಬಡದ್ರ ನಿನ್ನ ಮೇಜ ಬಿಚ್ಚತೈತಿ."

"ಬಿಚ್ಚಿದ್ರ ಬಿಚ್ಚಲಿ."

"ಹೂಂ, ಅಂತಿ. ನಿನ್ನ ಅಂಗೈ ನಾ ನೋಡಿಲ್ಲೇನು?" ಎಂದು ಮತ್ತೆ ಒತ್ತತೊಡಗಿದಳು.

ಮೇಜು ಗಟ್ಟಿಯಾಗಿರಲಿಲ್ಲ. ಅವ್ವ ಅದನ್ನು ಕಾಯುತ್ತಿದ್ದಳು.

ಅವತ್ತೇ ಮೇಜನ್ನು ಹೊತ್ತು ಹಿಂದಿನ ಓಣಿಗೆ ಹೋದೆ. ಅಜ್ಜ ಅದನ್ನು ಬೋರಲು ಹಾಕಿ, ಕನ್ನಡಕ ಏರಿಸಿಕೊಂಡು ನೋಡಿದ.

"ಯಾರು ಮಾಡಿದ್ದವ್ವಾ ಇದನ್ನ?"

"ನಾನ ರೀ, ಅಜ್ಜಾರ."

"ತೂತು ಛಲೋ ಕೊರದೀ." ಒಂದು ಸ್ಕ್ರೂ ಬಿಚ್ಚಿ ಅಂಗೈ ಮೇಲಿಟ್ಟುಕೊಂಡ. "ಇವು ಸೀಲಿಂಗ್ ಹಚ್ಚೂ ಸ್ಕ್ರೂ. ಅಲ್ಲಿ ಮ್ಯಾಲೆ ಇವನ್ನ ಯಾರೂ ಬಡಿಯಂಗಿಲ್ಲ. ಇದರ ತಲಿ ನೋಡು, ಬಗರಿ ಇದ್ದಂಗ ಇಳಿಜಾರ ಐತಿ. ನಿನ್ನ ತೂತಿನ ತಳ ಸಪಾಟ ಐತಿ. ಅಲ್ಲಿ ಇದು ಕುಂದ್ರಂಗಿಲ್ಲ, ಬೆಣಿ ಹೊಡದಂಗ ಒಳಗ ಇಳೀತೈತಿ."

ತೂತಿನ ಬಾಯಿಂದ ಪಟ್ಟಿಯ ತುದಿಯವರೆಗೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಎಂಟು ತೂತುಗಳಲ್ಲಿ ಆರಕ್ಕೆ ಹಾಗೇ.

"ನೀ ಬಿಗಿ ಮಾಡಾಕತ್ತೀನಿ ಅನ್ಕೊಂಡಿ. ಸೀಳಾಕತ್ತಿದ್ದಿ."

ಬೆಣೆ ಹೇಗೆ ಸೀಳುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಭೌತಶಾಸ್ತ್ರದ ತರಗತಿಯಲ್ಲಿ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತೇನೆ. ಅದನ್ನು ಅಜ್ಜನಿಗೆ ಹೇಳಲಿಲ್ಲ.

"ನೀವ ಮಾಡಿಕೊಡ್ತೀರೇನ್ರಿ?" ಎಂದೆ.

"ನಾ ಯಾಕ? ಶುರು ಮಾಡಿದಾಕಿ ನೀ. ಕುಂದ್ರು ಇಲ್ಲೆ."

ಒಣಗಿದ ಸಾಗವಾನಿಯ ನಾಲ್ಕು ಹೊಸ ಪಟ್ಟಿ ಕೊಟ್ಟ. ತಲೆಯ ಕೆಳಗೆ ಸಪಾಟಾಗಿರುವ ಸ್ಕ್ರೂಗಳನ್ನು ಡಬ್ಬಿಯಿಂದ ಹುಡುಕಿ ತೆಗೆದ. ಕಾಲುಗಳಲ್ಲಿ ಹಳೆಯ ತೂತುಗಳಿಗೆ ಸಿಗದಂತೆ ಜಾಗ ಸ್ವಲ್ಪ ಸರಿಸಿ ಗುರುತು ಹಾಕಿಸಿದ, ಹೊಸ ಪಟ್ಟಿಗಳಿಗೆ ನನ್ನಿಂದಲೇ ತೂತು ಕೊರೆಸಿದ. ಅಂಟು ಹಚ್ಚಿ ಕ್ಲಾಂಪು ಬಿಗಿದ ಮೇಲೆ, ಮೊದಲ ಸ್ಕ್ರೂ ಇನ್ನೇನು ಪೂರ್ತಿ ಒಳಗೆ ಹೋಗುವಾಗ, ಡ್ರಿಲ್ಲನ್ನು ನನ್ನ ಕೈಯಿಂದ ಇಸಿದುಕೊಂಡು, "ಕಡೀ ಎರಡು ಸುತ್ತು ಕೈಲೆ ತಿರುವು. ತಲಿ ಕುಂತಿದ್ದು ಕೈಗೆ ಗೊತ್ತಾಗತೈತಿ. ಅಲ್ಲಿಗೆ ಬಿಡು. ಸಿಟ್ಟು ತೋರಿಸಬ್ಯಾಡ" ಎಂದ. ಎಂಟೂ ಸ್ಕ್ರೂ ಕೂರಿಸಿದೆ. ಪ್ರತಿ ಸಲವೂ ಎಲ್ಲಿ ನಿಲ್ಲಿಸಬೇಕೆಂಬುದು ನಿಜವಾಗಿಯೂ ಕೈಗೆ ತಿಳಿಯಿತು.

ಮರುದಿನ ಸಂಜೆ ಮೇಜು ಮನೆಗೆ ಬಂತು. ಅವ್ವ ಹಲಗೆ ಇಟ್ಟುಕೊಂಡು ಹಿಟ್ಟಿನ ಉಂಡೆ ತೆಗೆದುಕೊಂಡಳು. ಮತ್ತದೇ ಬೆರಳ ತುದಿ.

"ಬಡಿ ಬೇ."

"ಬಡಿಯಾಕತ್ತಿಲ್ಲೇನು?"

ನಾನು ನೆಲದ ಮೇಲೆ ಕೂತು, ಮೇಜಿನ ಕೆಳಗೆ ಕೈ ಚಾಚಿ, ಪಟ್ಟಿಯೂ ಕಾಲೂ ಕೂಡುವ ಸಂದಿನ ಮೇಲೆ ಬೆರಳಿಟ್ಟೆ. "ಅಲುಗಿದ್ರ ಹೇಳ್ತೀನಿ. ಆವಾಗ ಬಿಟ್ಟಬಿಡು."

ಅವ್ವ ನನ್ನನ್ನು ಒಂದು ಕ್ಷಣ ನೋಡಿದಳು. ಅಂಗೈ ಎತ್ತಿ ಒಂದು ಸಲ ಬಡಿದಳು. ತಡೆದು ಕಾದಳು. ನಾನು ಏನೂ ಹೇಳಲಿಲ್ಲ. ಇನ್ನೊಂದು. ಆಮೇಲೆ ಎಣಿಸಲಾಗದಷ್ಟು, ಹಲಗೆಯ ಮೇಲೆ ರೊಟ್ಟಿ ಸುತ್ತುತ್ತಾ ಅಗಲವಾಯಿತು, ಹಿಟ್ಟಿನ ಧೂಳು ನನ್ನ ತಲೆಯ ಮೇಲೆ ಬಿತ್ತು. ಪ್ರತಿ ಏಟೂ ಕಟ್ಟಿಗೆಯೊಳಗಿಂದ ಇಳಿದು ನನ್ನ ಬೆರಳಿಗೆ ಬರುತ್ತಿತ್ತು. ಸಂದು ಮಾತ್ರ ಇದ್ದಲ್ಲೇ ಇತ್ತು.

"ಅಲುಗತೈತೇನ?" ಅವ್ವ ಕೇಳಿದಳು, ಕೈ ನಿಲ್ಲಿಸದೆ.

"ಇಲ್ಲ."

"ಮತ್ತ ಯಾಕ ಅಲ್ಲೆ ಕುಂತಿ? ಎದ್ದು ಗಂಗಾಳ ತಗೋ. ಬಿಸೀದು ತಿನ್ನೀಯಂತ."

ಇನ್ನೊಂದು ರೊಟ್ಟಿ ಆಗುವವರೆಗೂ ನಾನು ಅಲ್ಲೇ ಕೂತಿದ್ದೆ.